ದೊಡ್ಡಮ್ಮನ ಒಂಬತ್ತು ಲಕ್ಷ

ಸೆಪ್ಟೆಂಬರ್ 4, ಗುರುವಾರ

ಎಕನಾಮಿಕ್ಸಿನ ಕರ್ವ್ ಸರ್ ಅಸೈನ್‌ಮೆಂಟ್ ಕೊಟ್ಟರು. ಬೋರ್ಡಿನ ಮೇಲೆ ಬಾಗಿದ ಗೆರೆ ಎಳೆಯದೆ ಬಾಯಿ ತೆರೆಯಲಾರದ ಮನುಷ್ಯ; ಆ ಹೆಸರಿಟ್ಟವರು ಹೆಚ್ಚು ಯೋಚಿಸಿರಲಿಕ್ಕಿಲ್ಲ. "ನಿವೃತ್ತಿಗೆ ಹತ್ರ ಇರೋ ಒಬ್ಬ ನಿಜವಾದ ಮನುಷ್ಯರನ್ನ ಹಿಡೀರಿ. ಅವರ ಉಳಿತಾಯಕ್ಕೆ ಈಗ ಬರ್ತಿರೋದಕ್ಕಿಂತ ಜಾಸ್ತಿ ಬಡ್ಡಿ ಬರೋ ಹಾಗೆ ಪ್ಲಾನ್ ಮಾಡಿ. ಇಪ್ಪತ್ತು ಮಾರ್ಕ್ಸು," ಅಂದರು. ಪಕ್ಕದ ಬೆಂಚಿನವಳು ಆಗಲೇ ತನ್ನ ತಾತನ ಹೆಸರು ಬರೆದುಕೊಂಡಳು. ಇಂಥವರಿಗೆಲ್ಲ ತಾತಂದಿರು ರೆಡಿಮೇಡ್ ಸಿಗುತ್ತಾರೆ.

ನನಗೆ ಈ ಇಪ್ಪತ್ತು ಬೇಕೇ ಬೇಕು. ಮೊದಲ ಟೆಸ್ಟಿನಲ್ಲಿ ಇಪ್ಪತ್ತೈದಕ್ಕೆ ಒಂಬತ್ತು. ನನ್ನ ಇಂಗ್ಲಿಷು ಇಡೀ ಕ್ಲಾಸಿಗೇ ಚೆನ್ನಾಗಿದೆಯಂತೆ, ಲೆಕ್ಕ ಮಾತ್ರ ತಪ್ಪಂತೆ.

ನಿಜವಾದ ಮನುಷ್ಯರೊಬ್ಬರು ನನ್ನ ಬಳಿಯೂ ಇದ್ದಾರೆ. ಅಮ್ಮನ ಅಕ್ಕ, ದೊಡ್ಡಮ್ಮ. ಕಾಲೇಜು ಹಾಸ್ಟೆಲಿನಲ್ಲಿ ಸೀಟು ಸಿಗದೆ ವೇಟಿಂಗ್ ಲಿಸ್ಟಿನಲ್ಲಿ ಮೂವತ್ತೊಂದನೆಯವಳಾಗಿರುವುದರಿಂದ ನನ್ನನ್ನು ತಾತ್ಕಾಲಿಕವಾಗಿ ಇವರ ಮನೆಯಲ್ಲಿ ಇಡಲಾಗಿದೆ. ಆಸ್ಪತ್ರೆಯ ಸ್ಟಾಫ್ ಕ್ವಾರ್ಟರ್ಸು, ಎರಡು ಕೋಣೆ, ಸ್ಪಿರಿಟ್ ವಾಸನೆ. ಮೂವತ್ತನಾಲ್ಕು ವರ್ಷದಿಂದ ಆಪರೇಷನ್ ಕತ್ತರಿಗಳನ್ನು ತೊಳೆದು ಉಗಿಯ ಯಂತ್ರಕ್ಕೆ ತುಂಬುವ ಕೆಲಸ. ನವೆಂಬರ್ ಕೊನೆಗೆ ರಿಟೈರು. ಇನ್ನು ಮುಂದೆ ಈ ಪುಸ್ತಕದಲ್ಲಿ ಅವರ ಹೆಸರು 'ವಿಷಯ'.

ಇವತ್ತು ವಿಷಯ ನನ್ನ ಬಕೀಟಿಗೆ ಎಡವಿ, "ಇಬ್ರೇ ಇರೋ ಮನೇಲಿ ಯಾತಕ್ಕೇ ಕ್ಯೂ?" ಎಂದು ಕೇಳಿತು. ಐದೂವರೆಗೆ ಎದ್ದು ಬಾತ್‌ರೂಮಿನ ಬಾಗಿಲಲ್ಲಿ ಬಕೀಟು ಇಟ್ಟು ಬಂದು ಮತ್ತೆ ಮಲಗುತ್ತೇನೆ. ಒಂಬತ್ತು ವರ್ಷ ಹೊರರಾಜ್ಯದ ಶಾಲೆಯ ಹಾಸ್ಟೆಲಿನಲ್ಲಿದ್ದವಳಿಗೆ ಗೊತ್ತು, ಬಕೀಟು ಇಡದವಳಿಗೆ ನೀರಿಲ್ಲ. ವಿಷಯಕ್ಕೆ ಇದನ್ನೆಲ್ಲ ವಿವರಿಸುವ ಗೋಜಿಗೆ ಹೋಗಲಿಲ್ಲ.

ಹಾಸ್ಟೆಲಿನಲ್ಲಿ ಯಾರಿಗೂ ಓದಲು ಬಾರದೆಂದೇ ದಿನಚರಿಯನ್ನು ಕನ್ನಡದಲ್ಲಿ ಬರೆಯಲು ಹಿಡಿದದ್ದು. ಇಲ್ಲಿ ಆ ಅನುಕೂಲವೂ ಇಲ್ಲ. ಬಿಸ್ಕತ್ತಿನ ಜೊತೆ ಇದನ್ನೂ ಸೂಟ್‌ಕೇಸಿನಲ್ಲಿಟ್ಟು ಬೀಗ ಹಾಕಬೇಕು.

ಸೆಪ್ಟೆಂಬರ್ 7, ಭಾನುವಾರ

ವಿಷಯದ ಸಂದರ್ಶನ ಆಯಿತು. ಅಡುಗೆಮನೆಯಲ್ಲಿ, ವಿಷಯ ಕೊತ್ತಂಬರಿ ಬಿಡಿಸುತ್ತ, ನಾನು ಕರ್ವ್ ಸರ್ ಕೊಟ್ಟ ಫಾರಂ ಹಿಡಿದು.

ಪಾಸ್‌ಬುಕ್ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಒಂಬತ್ತು ಲಕ್ಷ! ಅಷ್ಟೂ ಬರೀ ಸೇವಿಂಗ್ಸ್ ಖಾತೆಯಲ್ಲಿ, ನೂರಕ್ಕೆ ಮೂರರ ಬಡ್ಡಿಗೆ, ಚಪ್ಪಲಿ ಬಿಟ್ಟು ಮಲಗಿದೆ.

"ದೊಡ್ಡಮ್ಮಾ, ಬೆಲೆಗಳು ವರ್ಷಕ್ಕೆ ನೂರಕ್ಕೆ ಆರರಂತೆ ಏರ್ತಿವೆ. ನಿಮಗೆ ಬರೋದು ಮೂರು. ಅಂದ್ರೆ ನೀವು ವರ್ಷಾ ವರ್ಷಾ ಇಪ್ಪತ್ತೇಳು ಸಾವಿರ ಕಸದ ಬುಟ್ಟಿಗೆ ಹಾಕ್ತಿದ್ದೀರಿ. ಗೊತ್ತಾ?"

"ಬುಟ್ಟಿಗೆ ಹಾಕಿದ್ರೆ ಬುಟ್ಟೀಲಿ ಕಾಣ್ಬೇಕಲ್ಲೇ?"

"ಇದು ಕಾಣಲ್ಲ. ಇದು ಇನ್‌ಫ್ಲೇಷನ್."

"ನನ್ನ ದುಡ್ಡು ಅಲ್ಲೇ ಇದೆಯಮ್ಮಾ ಇಂಗ್ಲಿಷ್ ಮೇಡಂ. ಬೇಕಾದಾಗ ಕೈಗೆ ಸಿಗುತ್ತೆ. ನೋಡು, ಎಕ್ಸ್‌ರೇ ಮಾವ ಮೊನ್ನೆ ಹೇಳ್ತಿದ್ರು, ಅವರ ಮನೆ ಮಹಡಿ..."

"ದೊಡ್ಡಮ್ಮಾ, ಪ್ಲೀಸ್. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ."

ವಿಷಯ ಕೊತ್ತಂಬರಿಗೆ ಮರಳಿತು. ಇವರಿಗೆ ಮೊದಲಿನಿಂದ ಕೊನೆಯವರೆಗೆ ಮಾತಾಡುವುದೇ ಗೊತ್ತಿಲ್ಲ. ಎಲ್ಲವೂ ಯಾರದೋ ಮಹಡಿಯಿಂದ ಶುರುವಾಗಬೇಕು. ಫಾರಂನ ಮೊದಲ ಕಾಲಂ 'ಗುರಿ: ಈ ಹಣ ಯಾವುದಕ್ಕಾಗಿ?' ಎಂದಿತ್ತು. ಕೇಳಿದ್ದರೆ ಅರ್ಧ ಗಂಟೆ ಕಥೆ ಕೇಳಬೇಕಾಗುತ್ತಿತ್ತು. 'ಸುರಕ್ಷಿತ ನಿವೃತ್ತ ಜೀವನ' ಎಂದು ನಾನೇ ತುಂಬಿದೆ. ಇಂಗ್ಲಿಷಿನಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ.

ಇನ್ನೊಂದು. ಈ ಮನೆಯಲ್ಲಿ ಎಲ್ಲದರ ಮೇಲೂ ತಾರೀಖು ಇದೆ. ಸಕ್ಕರೆ ಡಬ್ಬಿಗೆ, ಸೋಪಿಗೆ, ಬೆಂಕಿಪೊಟ್ಟಣಕ್ಕೆ. ಹೊಸದು ಹಿಂದೆ, ಹಳೆಯದು ಮುಂದೆ. ಆಸ್ಪತ್ರೆಯ ಕಪಾಟಿನ ಪದ್ಧತಿಯಂತೆ. ಉಪ್ಪು ಹಳಸುತ್ತದೆಯೇ?

ಸೆಪ್ಟೆಂಬರ್ 13, ಶನಿವಾರ

ವಿಷಯ ಊಟದ ಡಬ್ಬಿ ಮರೆತು ಹೋಗಿತ್ತು. ಕೊಟ್ಟು ಬರಲು ಆಸ್ಪತ್ರೆಯ ನೆಲಮಾಳಿಗೆಗೆ ಹೋದೆ. ಒಳಗೆ ಬಿಡುವುದಿಲ್ಲ, ಗೋಡೆಯಲ್ಲಿ ಒಂದು ಕಿಂಡಿ, ಅದರ ಗಾಜಿನಾಚೆ ವಿಷಯ ಟೋಪಿ ಹಾಕಿಕೊಂಡು ನಿಂತಿತ್ತು, ದೊಡ್ಡ ಅಣಬೆಯ ಹಾಗೆ.

ಕೆಲಸ ಇಷ್ಟೇ. ತೊಳೆದ ಕತ್ತರಿ, ಇಕ್ಕಳಗಳನ್ನು ಎಣಿಸಿ ಹಸಿರು ಬಟ್ಟೆಯಲ್ಲಿ ಪೊಟ್ಟಣ ಕಟ್ಟುವುದು. ಮೇಲೆ ಒಂದು ಟೇಪು. ಉಗಿಯಲ್ಲಿ ಸರಿಯಾಗಿ ಬೆಂದರೆ ಟೇಪಿನ ಮೇಲೆ ಕಪ್ಪು ಗೆರೆ ಮೂಡುತ್ತದೆ. ಆಮೇಲೆ ತಾರೀಖು, ಕಟ್ಟಿದವರ ಸಹಿ. ಆಪರೇಷನ್ ರೂಮಿನವರು ಸಹಿ ನೋಡಿ ತೆಗೆದುಕೊಂಡು ಹೋಗುತ್ತಾರೆ.

"ಒಳಗೆ ಸರಿಯಾಗಿದೆಯಾ ಅಂತ ಯಾರೂ ಬಿಚ್ಚಿ ನೋಡಲ್ವಾ?" ಎಂದು ಕೇಳಿದೆ.

"ಬಿಚ್ಚಿದ್ರೆ ಕೆಟ್ಟೋಯ್ತಲ್ಲ! ಗಾಳಿ ತಾಗಿದ್ಮೇಲೆ ಅದು ಮತ್ತೆ ಮೈಲಿಗೆ ಕತ್ರಿ. ಸಹಿ ಇದ್ಯಾ, ನಂಬ್ಬೇಕು. ಮೂವತ್ನಾಲ್ಕು ವರ್ಷದಲ್ಲಿ ಇನ್ನೊಬ್ರು ಸಹಿ ಹಾಕಿದ ಪೊಟ್ಟಣ ನಾನು ಬಿಚ್ಚಿಲ್ಲ, ನನ್ನದನ್ನ ಯಾರೂ ಬಿಚ್ಚಿಲ್ಲ."

ಇದನ್ನು ಪದಕ ಸಿಕ್ಕವರ ಧಾಟಿಯಲ್ಲಿ ಹೇಳಿತು.

ಕಪಾಟಿನ ಮೇಲ್ತುದಿಯಲ್ಲಿ ಕೆಂಪು ಚೀಟಿಯ ಪೊಟ್ಟಣ ಒಂದಿತ್ತು. ಎಮರ್ಜೆನ್ಸಿ ಟ್ರೇ. ಅದನ್ನು ಯಾರೂ ಮುಟ್ಟುವುದಿಲ್ಲ. ಹದಿನೈದು ದಿನ ಬಳಕೆಯಾಗದಿದ್ದರೆ ಬಿಚ್ಚಿ, ಮತ್ತೆ ತೊಳೆದು, ಮತ್ತೆ ಬೇಯಿಸಿ ಅಲ್ಲೇ ಇಡುತ್ತಾರೆ. ಬಳಸದ್ದನ್ನು ತೊಳೆಯುವುದು! ಇದಕ್ಕೆ ಸಂಬಳ! ಈ ಬುದ್ಧಿಯೇ ಒಂಬತ್ತು ಲಕ್ಷವನ್ನು ನೂರಕ್ಕೆ ಮೂರರಲ್ಲಿ ಮಲಗಿಸಿರುವುದು. ಇದನ್ನು ಅಸೈನ್‌ಮೆಂಟಿನ ಪೀಠಿಕೆಯಲ್ಲಿ ಹಾಕುತ್ತೇನೆ.

ಸೆಪ್ಟೆಂಬರ್ 24, ಬುಧವಾರ

ಪ್ಲಾನ್ ಮುಗಿಯಿತು. ಏಳು ಬ್ಯಾಂಕುಗಳ ದರ ಹೋಲಿಸಿ ನೋಡಿದೆ. ವಿಷಯದ ಬ್ಯಾಂಕಿನಲ್ಲೇ ಒಂದು ಐದು ವರ್ಷದ ಠೇವಣಿ ಇದೆ: ಮಾಮೂಲಿಗಿಂತ ಕಾಲು ಪರ್ಸೆಂಟ್ ಹೆಚ್ಚು, ನೂರಕ್ಕೆ ಏಳೂಮುಕ್ಕಾಲು. ಷರತ್ತು ಒಂದೇ, ಮಧ್ಯದಲ್ಲಿ ಮುರಿಯುವಂತಿಲ್ಲ. ಮುರಿಯುವುದು ಯಾಕೆ? ಮೂರ್ಖರು ಮುರಿಯುತ್ತಾರೆ. ಎಂಟೂವರೆ ಲಕ್ಷ ಹಾಕಿ, ಬಡ್ಡಿಯನ್ನು ಅಲ್ಲೇ ಬೆಳೆಯಲು ಬಿಟ್ಟರೆ ಐದು ವರ್ಷಕ್ಕೆ ಹನ್ನೆರಡು ಲಕ್ಷದ ನಲವತ್ತೇಳು ಸಾವಿರ. ಲೆಕ್ಕವನ್ನು ನಾಲ್ಕು ಸಲ ಮಾಡಿದೆ. ನಾಲ್ಕು ಸಲವೂ ಅದೇ ಬಂತು.

ಊಟದ ಮೇಜಿನ ಮೇಲೆ ಹಾಳೆ ಇಟ್ಟೆ. ವಿಷಯ ಕೈ ಒರೆಸಿಕೊಂಡು, ಹಾಳೆಯನ್ನು ಮೇಲಿನಿಂದ ಓದುವ ಬದಲು ನೇರ ಕೆಳಗೆ ನೋಡಿತು.

"ಸಹಿ ಎಲ್ಲೇ?"

"ಯಾರ ಸಹಿ?"

"ಮಾಡಿದವರದು."

ಹಾಕಿದೆ. ತಾರೀಖೂ ಹಾಕಿದೆ. ಪ್ಲಾನ್ ಇಂಗ್ಲಿಷಿನಲ್ಲಿತ್ತು, ಹೇಗೂ ಓದುತ್ತಿರಲಿಲ್ಲ. "ಎಷ್ಟು ಮುತ್ತಿನಂಗೆ ಬರೆದಿದ್ದೀಯೇ! ನಿಮ್ಮಮ್ಮಂದು ಕಾಗೆ ಕಾಲು ಗುಬ್ಬಿ ಕಾಲು," ಎಂದು ಮಡಚಿ ಬ್ಯಾಗಿಗೆ ಹಾಕಿಕೊಂಡಿತು.

ಸೆಪ್ಟೆಂಬರ್ 26, ಶುಕ್ರವಾರ

ಬ್ಯಾಂಕು. ಅರ್ಧ ತೋಳಿನ ಶರ್ಟಿಗೆ ಟೈ ಕಟ್ಟಿದ ಒಬ್ಬಾತ ಫಾರಂ ತುಂಬಿಸಿದ. ಟೈ ಹೇಳಿದ, "ಅಮ್ಮಾ, ಇದನ್ನ ಮಧ್ಯದಲ್ಲಿ ತೆಗೆಯೋಕೆ ಆಗಲ್ಲ. ಸಾಲಾನೂ ಕೊಡಲ್ಲ ಇದರ ಮೇಲೆ. ಗೊತ್ತಲ್ವಾ?"

ನಾನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೆ, ನಮಗೆಲ್ಲ ಗೊತ್ತು, ಬೇಗ ಮುಗಿಸಿ ಎಂದು. ಕೂಡಲೇ ಸೀಟಿನಲ್ಲಿ ನೆಟ್ಟಗಾದ. ಫ್ಯಾನಿನ ಸದ್ದಿನಲ್ಲಿ ವಿಷಯಕ್ಕೆ ಯಾವುದೂ ಸರಿಯಾಗಿ ಕೇಳಿಸಿರಲಿಲ್ಲ.

"ಏನಂತೇ?"

"ಏನಿಲ್ಲ ದೊಡ್ಡಮ್ಮಾ, ಫಾರ್ಮಾಲಿಟಿ."

ಆರು ಕಡೆ ಸಹಿ ಹಾಕಿತು. ಹೊರಗೆ ಬಂದು ನನಗೊಂದು ಐಸ್‌ಕ್ರೀಮ್ ಕೊಡಿಸಿತು, ಒಂಬತ್ತು ವರ್ಷದ ಮಗುವಿಗೆ ಕೊಡಿಸುವಂತೆ. ತಾನು ತಿನ್ನಲಿಲ್ಲ, ಹಲ್ಲು ಜುಮ್ಮೆನ್ನುತ್ತದಂತೆ. ರಸ್ತೆಯಲ್ಲಿ ನಿಂತು ನಾನು ತಿನ್ನುವುದನ್ನೇ ನೋಡುತ್ತಿತ್ತು. ಮುಜುಗರ.

ಅಕ್ಟೋಬರ್ 14, ಮಂಗಳವಾರ

ಇಪ್ಪತ್ತಕ್ಕೆ ಹದಿನೆಂಟು! ತಾತನವಳಿಗೆ ಹದಿಮೂರು. ಕರ್ವ್ ಸರ್ ಕೆಂಪು ಶಾಯಿಯಲ್ಲಿ 'ಗರಿಷ್ಠ ಆದಾಯ, ಉತ್ತಮ' ಎಂದು ಬರೆದಿದ್ದಾರೆ. ಕಳೆದ ಎರಡು ಮಾರ್ಕು ಯಾಕೆಂದು ಹೇಳಿಲ್ಲ. ಅವರಿಗೇ ಗೊತ್ತಿರಲಾರದು.

ವಿಷಯ ಆ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿತು. ಯಾವುದರಿಂದ? ಆಸ್ಪತ್ರೆಯ ಟೇಪಿನಿಂದ.

ನವೆಂಬರ್ 8, ಶನಿವಾರ

ಎಕ್ಸ್‌ರೇ ಮಾವ ಬಂದಿದ್ದರು. ಮಾವ ಅಂದರೆ ನೆಂಟರಲ್ಲ. ಇದೇ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದವರು. ನಾಲ್ಕು ವರ್ಷದ ಹಿಂದೆ ರಿಟೈರಾಗಿ ಎರಡು ಬೀದಿ ಆಚೆ ಮನೆ ಕಟ್ಟಿಸಿದ್ದಾರೆ. ಯಾರನ್ನು ಕಂಡರೂ ಒಳಗಿನ ಮೂಳೆ ಎಣಿಸುವವರಂತೆ ಕಣ್ಣು ಕಿರಿದು ಮಾಡುತ್ತಾರೆ. ನನ್ನನ್ನು ಕಂಡಾಗಲೆಲ್ಲ, "ಅಲ್ಲಾಡ್ಬೇಡ, ಉಸಿರು ಹಿಡ್ಕೋ!" ಎನ್ನುವುದು ಅವರ ಏಕೈಕ ಜೋಕು. ಇವತ್ತೂ ಆಯಿತು.

ಆಮೇಲೆ ಜೇಬಿನಿಂದ ಒಂದು ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು.

"ಮಹಡಿ ಮನೆ ಮುಂದಿನ ತಿಂಗಳು ಒಂದಕ್ಕೆ ಖಾಲಿ. ಸಿಸ್ಟರ್, ಮಾತು ಮಾತೇ. ಭೋಗ್ಯಕ್ಕೆ ಆರು ಲಕ್ಷ, ಮೂರು ವರ್ಷ. ಬಾಡಿಗೆ ಅನ್ನೋ ಮಾತೇ ಇಲ್ಲ. ಬಿಡೋವಾಗ ಆರಕ್ಕೆ ಆರೂ ವಾಪಸ್. ಬೇರೆಯವ್ರು ತಿಂಗಳಿಗೆ ಏಳು ಸಾವಿರ ಬಾಡಿಗೆ ಕೊಡ್ತೀನಿ ಅಂತ ಬಾಗಿಲು ಬಡೀತಿದ್ದಾರೆ, ಗೊತ್ತಾ?"

"ಗೊತ್ತು, ಗೊತ್ತು. ಏಳು ಸಾವಿರ ಬಾಡಿಗೆ ಕಟ್ಟಿದ್ರೆ ನನ್ನ ಪೆನ್ಷನ್‌ನಲ್ಲಿ ಅರ್ಧ ಅಲ್ಲೇ ಹೋಯ್ತು. ಸೋಮವಾರ ಬ್ಯಾಂಕಿಂದ ತೆಗೆದು ಕೊಡ್ತೀನಿ. ಅದಕ್ಕೇ ಅಲ್ವಾ ಎರಡು ವರ್ಷದಿಂದ ಸೇವಿಂಗ್ಸ್‌ನಲ್ಲೇ ಇಟ್ಕೊಂಡು ಕೂತಿರೋದು? ಈಗ ಇವಳು ಅದಕ್ಕೆ ಬಡ್ಡೀನೂ ಜಾಸ್ತಿ ಬರೋ ಹಾಗೆ ಮಾಡಿದ್ದಾಳೆ." ವಿಷಯ ಫ್ರಿಜ್ಜಿನ ಕಡೆ ಗಲ್ಲ ಎತ್ತಿ ತೋರಿಸಿತು. "ಹಿಂದಿನ ರೂಮು ಇವಳಿಗೆ. ಓದೋಕೆ ಕಿಟಕಿ ಇದೆ."

ನಾನು ಹಾಸ್ಟೆಲಿಗೆ ಹೋಗುವವಳು. ಕಿಟಕಿ ಬೇಕೆಂದು ನಾನು ಯಾರನ್ನೂ ಕೇಳಿರಲಿಲ್ಲ.

ಅವರು ಹೋದ ಮೇಲೆ ನೋಟ್‌ಬುಕ್ಕಿನ ಹಿಂದೆ ಗೀಚಿದೆ. ಆರು ಲಕ್ಷ ಕೊಟ್ಟರೆ ವರ್ಷಕ್ಕೆ ಎಂಬತ್ತನಾಲ್ಕು ಸಾವಿರ ಬಾಡಿಗೆ ಉಳಿಯುತ್ತದೆ. ಅಂದರೆ ನೂರಕ್ಕೆ ಹದಿನಾಲ್ಕು. ಏಳು ಬ್ಯಾಂಕಿನಲ್ಲೂ ಇಲ್ಲದ ಹದಿನಾಲ್ಕು. ಮೂರು ಸಲ ಮಾಡಿದೆ. ತಪ್ಪಿರಲಿ ಎಂದು ಬೇಡಿಕೊಳ್ಳುತ್ತ ನಾನು ಮಾಡಿದ ಮೊದಲ ಲೆಕ್ಕ ಇದು.

ಮನುಷ್ಯರು ಇಂಥದ್ದೇನಾದರೂ ಇದ್ದರೆ ಬಾಯಿಬಿಟ್ಟು ಹೇಳಬೇಕು. ಮಹಡಿ, ಮಹಡಿ ಎಂದರೆ ಯಾರಿಗೆ ಅರ್ಥವಾಗುತ್ತದೆ?

ನವೆಂಬರ್ 9, ಭಾನುವಾರ

ಹೇಳಲಿಲ್ಲ. ಹೊಟ್ಟೆನೋವೆಂದು ಮಲಗಿದ್ದೆ. ದೊಡ್ಡಮ್ಮ ಜೀರಿಗೆ ನೀರು ತಂದಿಟ್ಟು ಹೋದರು.

ನವೆಂಬರ್ 10, ಸೋಮವಾರ

ಬೆಳಿಗ್ಗೆ ಬ್ಯಾಂಕಿಗೆಂದು ಅವರು ಒಳ್ಳೆಯ ಚಪ್ಪಲಿ ಹಾಕಿಕೊಂಡು, ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಹೊರಟರು. ಆ ಕವರು ನೋಡಲಾಗಲಿಲ್ಲ. ಬಾಗಿಲಲ್ಲಿ ಅಡ್ಡ ನಿಂತು ಹೇಳಿದೆ. ಮೊದಲು ಇಂಗ್ಲಿಷಿನಲ್ಲಿ ಹೇಳಿದೆನಂತೆ. "ಕನ್ನಡದಲ್ಲಿ ಹೇಳು," ಅಂದರು. ಕನ್ನಡದಲ್ಲಿ ಅದು ಬಹಳ ಚಿಕ್ಕದಾಗಿತ್ತು: ಐದು ವರ್ಷ ದುಡ್ಡು ತೆಗೆಯೋಕಾಗಲ್ಲ. ಟೈ ಕಟ್ಟಿದವನು ಹೇಳಿದ್ದ. ನಾನು ನಿಮಗೆ ಹೇಳಲಿಲ್ಲ.

ಚಪ್ಪಲಿ ಬಿಚ್ಚಲಿಲ್ಲ. ಹಾಗೇ ಬಂದು ಕುರ್ಚಿಯಲ್ಲಿ ಕೂತರು.

"ಯಾವಾಗ್ಲೂ ತೆಗೆಯೋಕಾಗಲ್ವಾ? ಏನಾದ್ರೂ ಆದ್ರೂನೂ?"

"ಠೇವಣಿ ಇಟ್ಟವರು ಸತ್ರೆ ಮಾತ್ರ ಕೊಡ್ತಾರಂತೆ."

ದೊಡ್ಡಮ್ಮ ಪಾಸ್‌ಬುಕ್ಕಿನ ಕವರನ್ನು ಮೇಜಿನ ಮೇಲಿಟ್ಟರು. "ಅಷ್ಟೊಂದು ಅರ್ಜೆಂಟ್ ಇಲ್ಲ ಬಿಡು ನಂಗೆ."

ನಾನು ಅತ್ತೆ. ಬರೆಯುವುದಕ್ಕೇ ಅಸಹ್ಯ. ಒಂಬತ್ತು ವರ್ಷದಲ್ಲಿ ಯಾರೆದುರೂ ಅತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಅಳುವುದಕ್ಕೆ ನಲ್ಲಿ ಬಿಟ್ಟುಕೊಂಡು ಬಾತ್‌ರೂಮಿನಲ್ಲಿ ಅಳಬೇಕು, ಅದಕ್ಕೂ ಕ್ಯೂ.

"ಬೈಯಿರಿ ದೊಡ್ಡಮ್ಮಾ. ಸುಮ್ಮನೆ ಕೂರಬೇಡಿ."

"ಬೈದ್ರೆ ಟೇಪು ಕಪ್ಪಾಗುತ್ತಾ?" ಅಂದರು. "ನಾನೂ ಓದ್ಬೇಕಿತ್ತು. ಸಹಿ ನೋಡಿ ನಂಬೋದು ಅಭ್ಯಾಸ ಆಗೋಗಿದೆ. ಅಲ್ಲಿ ಏನ್ಮಾಡ್ತೀವಿ ಗೊತ್ತಾ? ಆಪರೇಷನ್ ರೂಮಲ್ಲಿ ಪೊಟ್ಟಣ ಬಿಚ್ಚಿದಾಗ ಇಕ್ಕಳ ಒಂದು ಕಮ್ಮಿ ಇದ್ರೆ, ಪೊಟ್ಟಣ ವಾಪಸ್ ಬರುತ್ತೆ. ಯಾರ ಸಹಿ ಇದ್ಯೋ ಅವರ ಕೈಗೇ. ಇನ್ನೊಬ್ರು ಮುಟ್ಟಲ್ಲ. ಅವರೇ ಮತ್ತೆ ಕಟ್ಟಬೇಕು."

ಎದ್ದು ಫ್ರಿಜ್ಜಿನಿಂದ ಹಾಳೆ ಕಿತ್ತರು. ಹದಿನೆಂಟು ಮಾರ್ಕಿನ ಹಾಳೆ. ನನ್ನ ಕೈಗೆ ಕೊಟ್ಟರು.

"ತಗೋ. ವಾಪಸ್ ಬಂದಿದೆ. ಇದೇ ತಿಂಗಳು ಮೂವತ್ತು ನನ್ನ ಕೊನೇ ದಿನ, ಆಮೇಲೆ ಹದಿನೈದು ದಿನಕ್ಕೆ ಈ ಕ್ವಾರ್ಟರ್ಸ್ ಬಿಡ್ಬೇಕು. ಅಷ್ಟರೊಳಗೆ ಕಟ್ಟು."

ಡ್ಯೂಟಿಗೆ ಹೋದರು, ಅದೇ ಒಳ್ಳೆಯ ಚಪ್ಪಲಿಯಲ್ಲಿ.

ನವೆಂಬರ್ 12, ಬುಧವಾರ

ಠೇವಣಿಯ ನಿಯಮಾವಳಿ ಒಂಬತ್ತು ಪುಟ, ಇರುವೆಯಂಥ ಅಕ್ಷರ. ಬರೆದವರ ಇಂಗ್ಲಿಷು ಕರ್ವ್ ಸರ್ ಇಂಗ್ಲಿಷಿಗಿಂತ ಕಡೆ. ಎರಡು ಕ್ಲಾಸು ತಪ್ಪಿಸಿ ಲೈಬ್ರರಿಯಲ್ಲಿ ಕೂತು ಪ್ರತಿ ಸಾಲಿನ ಕೆಳಗೆ ಸ್ಕೇಲಿಟ್ಟು ಓದಿದೆ. ಏಳನೇ ಪುಟದಲ್ಲಿ ಸಿಕ್ಕಿತು: ಅಸಲು ಮುಟ್ಟುವಂತಿಲ್ಲ, ಆದರೆ ಮೊದಲ ಮೂರು ತಿಂಗಳೊಳಗೆ ಒಂದು ಸಲ, ಬಡ್ಡಿಯನ್ನು ಬೆಳೆಯಲು ಬಿಡುವ ಬದಲು ತಿಂಗಳು ತಿಂಗಳು ಕೈಗೆ ಕೊಡುವಂತೆ ಬದಲಿಸಿಕೊಳ್ಳಬಹುದು. ತಿಂಗಳಿಗೆ ಸುಮಾರು ಐದು ಸಾವಿರದ ನಾನೂರು.

ಟೈ ಬಳಿ ಹೋಗಿ ತೋರಿಸಿದೆ. "ಹೌದಾ? ಇಂಥದ್ದೊಂದು ಇದೆಯಾ?" ಅಂದ. ಅವನದೇ ಬ್ಯಾಂಕು! ಇಂಥವನ ಮಾತನ್ನು ಅವತ್ತು ನಾನು ಕೇಳಿಸಿಕೊಂಡಿದ್ದರೆ ಸಾಕಿತ್ತು ಎಂಬುದು ಬೇರೆ ಮಾತು.

ಕಾಲೇಜಿನಿಂದ ಮೆಸೇಜು. ಹಾಸ್ಟೆಲಿನಲ್ಲಿ ಸೀಟು ಖಾಲಿಯಾಗಿದೆ, ವಾರದೊಳಗೆ ಬಂದು ಸೇರಿಕೊಳ್ಳಬೇಕು. ಬೇಡವಾದರೆ ಮುಂಗಡ ಕಟ್ಟಿದ ಹದಿನೈದು ಸಾವಿರ ವಾಪಸ್. ಅಮ್ಮನಿಗೆ ಫೋನ್ ಮಾಡಿದೆ. "ಅಬ್ಬ, ಸಿಕ್ತಲ್ಲ! ಅಕ್ಕನಿಗೂ ತೊಂದರೆ ತಪ್ತು," ಅಂದಳು. ಯಾರು ಯಾರಿಗೆ ತೊಂದರೆ ಎಂಬುದು ಅಮ್ಮನಿಗೆ ಹೇಗೆ ಗೊತ್ತಾಗಬೇಕು, ವರ್ಗಾವಣೆಯ ಕೆಲಸದಲ್ಲಿ ಅವಳು ಇರುವುದು ಮೂರು ವರ್ಷಕ್ಕೊಂದು ಊರಿನಲ್ಲಿ.

ನವೆಂಬರ್ 15, ಶನಿವಾರ

ಎಕ್ಸ್‌ರೇ ಮಾವನ ಮನೆಗೆ ಇಬ್ಬರೂ ಹೋದೆವು. ಮಾತಾಡುವುದು ನನ್ನ ಕೆಲಸ ಎಂದು ದಾರಿಯಲ್ಲೇ ತೀರ್ಮಾನವಾಗಿತ್ತು. ಅವರು ಎಂದಿನಂತೆ "ಉಸಿರು ಹಿಡ್ಕೋ" ಅಂದರು. ಹಿಡಿದುಕೊಂಡೇ ಇದ್ದೆ.

"ಮಾವ, ಆರು ಲಕ್ಷ ಆಗಲ್ಲ. ನನ್ನ ತಪ್ಪಿಂದ. ಮೂರು ಲಕ್ಷ ಭೋಗ್ಯ, ಮಿಕ್ಕಿದ್ದಕ್ಕೆ ಅರ್ಧ ಬಾಡಿಗೆ, ಮೂರೂವರೆ ಸಾವಿರ. ಲೆಕ್ಕ ನಿಮಗೆ ಸಮ ಆಗುತ್ತೆ."

"ನನಗೆ ಒಟ್ಟಿಗೆ ದುಡ್ಡು ಬೇಕಿತ್ತು ಕಣಮ್ಮಾ. ಮಹಡಿ ಕಟ್ಟೋಕೆ ಮಾಡಿದ ಸಾಲ ಇದೆ. ಓದಿದವಳು ನೀನು, ಹಿಂಗ್ ಮಾಡೋದಾ?"

"ಓದಿದ್ದಕ್ಕೇ ಹಿಂಗಾಗಿದ್ದು," ಅಂದರು ದೊಡ್ಡಮ್ಮ. "ಓದದೆ ಇರೋರು ನೀವು, ಎರಡು ಸಾವಿರದ ಎಂಟರಲ್ಲಿ ಎಡಗಾಲಿಗೆ ಬದಲು ಬಲಗಾಲು ಎಕ್ಸ್‌ರೇ ತೆಗೆದಿದ್ರಿ. ನಾನು ಯಾರಿಗಾದ್ರೂ ಹೇಳಿದ್ನಾ?"

ಮಾವ ನನ್ನ ಕಡೆ ನೋಡಿದರು. "ಈಗ ಹೇಳಿದ್ರಲ್ಲ ಸಿಸ್ಟರ್!"

ಅವರ ಹೆಂಡತಿ ಒಳಗಿನಿಂದ ಜೋರಾಗಿ ನಕ್ಕರು. ಮಾವ ಬಹಳ ಹೊತ್ತು ನಾನು ಕೊಟ್ಟ ಲೆಕ್ಕದ ಹಾಳೆ ಹಿಡಿದುಕೊಂಡು, ಬೆಳಕಿಗೆ ಎತ್ತಿ ಎತ್ತಿ ನೋಡಿದರು, ಅದು ಫಿಲ್ಮ್ ಎಂಬಂತೆ. ಮೂರು ಲಕ್ಷ ಒಂದನೇ ತಾರೀಖಿಗೆ, ಒಂದು ರೂಪಾಯಿ ಕಮ್ಮಿ ಆಗಬಾರದು, ಅಂದರು.

"ಸರಿ. ಬಿಡು ಇನ್ನು ಉಸಿರು."

ದೊಡ್ಡಮ್ಮನ ಖಾತೆಯಲ್ಲಿ ಉಳಿದಿರುವುದು ಐವತ್ತು ಸಾವಿರ. ಕೊನೆಯ ದಿನ ಆಸ್ಪತ್ರೆ ಕೊಡುವುದು ಎರಡು ಲಕ್ಷ ಮೂವತ್ತೆಂಟು ಸಾವಿರ. ಇನ್ನೂ ಹನ್ನೆರಡು ಸಾವಿರ ಕಮ್ಮಿ.

ನವೆಂಬರ್ 18, ಮಂಗಳವಾರ

ಹಾಸ್ಟೆಲ್ ಸೀಟು ಬೇಡವೆಂದು ಬರೆದು ಕೊಟ್ಟೆ. ವಾರ್ಡನ್ ಕಾರಣ ಕೇಳಿದರು. ಲಿಕ್ವಿಡಿಟಿ, ಅಂದೆ. ಅವರಿಗೆ ಅರ್ಥವಾಗಲಿಲ್ಲ, ವಾರ್ಡನ್‌ಗಳಿಗೆ ಯಾವುದೂ ಅರ್ಥವಾಗುವುದಿಲ್ಲ. ಇದರಲ್ಲಿ ಸೆಂಟಿಮೆಂಟು ಗಿಂಟಿಮೆಂಟು ಏನಿಲ್ಲ, ಹದಿನೈದು ಸಾವಿರ ಕೈಗೆ ಬರುತ್ತದೆ, ಅಷ್ಟೇ. ಅಮ್ಮನೂ ಹೂಂ ಅಂದಳು, ಎರಡು ಸಲ "ನಿಜವಾಗ್ಲೂನಾ?" ಎಂದು ಕೇಳಿ.

ಕರ್ವ್ ಸರ್‌ಗೂ ಹೋಗಿ ಹೇಳಿದೆ, ನನ್ನ ಪ್ಲಾನ್ ತಪ್ಪು, ಹದಿನೆಂಟು ವಾಪಸ್ ತಗೊಳ್ಳಿ ಎಂದು. "ಪ್ಲಾನ್ ಸರಿಯಾಗೇ ಇದೆಯಲ್ಲ," ಅಂದರು. ನಾನು ಪೂರ್ತಿ ಕಥೆ ಹೇಳಿದೆ, ಮಹಡಿಯಿಂದ ಶುರುಮಾಡಿ. ಬೋರ್ಡಿನ ಕಡೆ ತಿರುಗಿ ಸೀಮೆಸುಣ್ಣ ಹಿ‍ಡಿದವರು, ಯಾವ ಗೆರೆಯನ್ನೂ ಎಳೆಯದೆ ಹಾಗೇ ನಿಂತರು. ಕೊನೆಗೆ, ಮಾರ್ಕ್ಸ್ ಆಫೀಸಿಗೆ ಹೋಗಿಬಿಟ್ಟಿದೆ, ಬದಲಿಸಲಾಗುವುದಿಲ್ಲ, ಅಂದರು. ಇದನ್ನೂ ಮುರಿಯುವಂತಿಲ್ಲ.

ನವೆಂಬರ್ 29, ಶನಿವಾರ

ನಾಳೆ ಭಾನುವಾರವಾದ್ದರಿಂದ ಇವತ್ತೇ ಕೊನೆಯ ದಿನ. ಬೀಳ್ಕೊಡುಗೆ, ಭಾಷಣ, ಗೋಡೆ ಗಡಿಯಾರ. ಮೂವತ್ತನಾಲ್ಕು ವರ್ಷ ಗಡಿಯಾರ ನೋಡಿಕೊಂಡು ಪೊಟ್ಟಣ ಬೇಯಿಸಿದವರಿಗೆ ಗಡಿಯಾರ! ಯಾರ ತಲೆಯಲ್ಲಿ ಹೊಳೆಯಿತೋ.

ಭಾಷಣ ಮಾಡಿದ ದೊಡ್ಡ ಡಾಕ್ಟರು 'ತೊಳೆಯುವ ವಿಭಾಗ' ಅಂದರು. ಬರೀ ತೊಳೆಯುವುದಲ್ಲ ಅದು. ಎಣಿಸಬೇಕು, ಕಟ್ಟಬೇಕು, ಟೇಪು ನೋಡಬೇಕು, ತಾರೀಖು ಹಾಕಬೇಕು. ಆ ಮನುಷ್ಯ ಒಂದು ದಿನವೂ ಆ ಕಿಂಡಿಯ ಹತ್ತಿರ ಹೋಗಿಲ್ಲವೆಂದು ಕಾಣುತ್ತದೆ. ಚಪ್ಪಾಳೆ ತಟ್ಟಲಿಲ್ಲ ನಾನು.

ಚೆಕ್ ಸಿಕ್ಕಿತು.

ಡಿಸೆಂಬರ್ 14, ಭಾನುವಾರ

ಮಹಡಿಗೆ ಬಂದು ಒಂದು ವಾರ. ಹಿಂದಿನ ರೂಮಿನ ಕಿಟಕಿಯಿಂದ ಕಾಣುವುದು ಪಕ್ಕದ ಮನೆಯ ನೀರಿನ ಟ್ಯಾಂಕು. ಇದಕ್ಕೆ ಅಷ್ಟೊಂದು ಹೊಗಳಿಕೆ ಬೇಕಿರಲಿಲ್ಲ. ನನ್ನ ಸೂಟ್‌ಕೇಸಿನ ಬೀಗವನ್ನು ಮೀಟರ್ ಬೋರ್ಡಿನ ಪೆಟ್ಟಿಗೆಗೆ ಹಾಕಿದ್ದೇವೆ, ಅದಕ್ಕೆ ಬೀಗವಿರಲಿಲ್ಲ. ಬಿಸ್ಕತ್ತು ಶೆಲ್ಫಿನಲ್ಲಿದೆ, ದೊಡ್ಡಮ್ಮ ಹೊಸ ಪೊಟ್ಟಣ ಮುಂದೆ ಇಟ್ಟುಬಿಟ್ಟಿದ್ದರು, ನಾನೇ ಹಿಂದಕ್ಕೆ ತಳ್ಳಿದೆ.

ಇವತ್ತು ಮತ್ತೆ ಪ್ಲಾನ್ ಬರೆಯಲು ಕೂತೆ, ಈ ಸಲ ಕನ್ನಡದಲ್ಲಿ. ಪೆನ್ಷನ್ ಮನೆಖರ್ಚಿಗೆ. ಮೂರು ಲಕ್ಷ ಮಹಡಿಯಲ್ಲಿ. ಬಡ್ಡಿಯಿಂದ ಬಾಡಿಗೆ ಹೋಗಿ ತಿಂಗಳಿಗೆ ಸಾವಿರದ ಒಂಬೈನೂರು ಉಳಿಯುತ್ತದೆ. ಹಾಸ್ಟೆಲ್ ದುಡ್ಡಿನಲ್ಲಿ ಮಿಕ್ಕ ಮೂರು ಸಾವಿರ ಸೇವಿಂಗ್ಸ್ ಖಾತೆಯಲ್ಲೇ, ನೂರಕ್ಕೆ ಮೂರರಲ್ಲೇ ಇರುತ್ತದೆ, ಯಾರೂ ಮುಟ್ಟಬಾರದು. ಅದರ ಮುಂದೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದೆ.

ಮೊದಲ ಕಾಲಂ ಖಾಲಿ ಬಿಟ್ಟು ಅಡುಗೆಮನೆಗೆ ಹೋದೆ.

"ದೊಡ್ಡಮ್ಮಾ, ತಿಂಗಳಿಗೆ ಉಳಿಯೋ ದುಡ್ಡು ನಿಂಗೆ ಯಾತಕ್ಕೆ ಬೇಕು?"

"ಅದೇನು ದೊಡ್ಡ ದುಡ್ಡಾ?"

"ಎಷ್ಟೇ ಇರ್ಲಿ. ಯಾತಕ್ಕೆ?"

"ಹೇಳ್ತೀನಿ, ಮಧ್ಯದಲ್ಲಿ ಬಾಯಿ ಹಾಕ್ಬಾರ್ದು."

"ಹಾಕಲ್ಲ."

ಗಂಟು ಕಟ್ಟಿ ಕಟ್ಟಿ ಬಲಗೈ ಹೆಬ್ಬೆರಳು ನೋಯುತ್ತದಂತೆ, ಒಮ್ಮೆ ತೋರಿಸಬೇಕು. ಹೊಸ ಕನ್ನಡಕ ಬೇಕು. ಕತ್ತರಿಯೇ ಇರದ ಅಂಗಡಿಯೊಳಗೆ ಒಂದು ದಿನ ಸುಮ್ಮನೆ ಸುತ್ತಬೇಕು. ಅಮ್ಮನ ಊರಿಗೆ ಹೋಗಿ ಅಮ್ಮನನ್ನು ಎರಡು ಮಾತು ಬೈದು ಬರಬೇಕು, ಯಾವುದಕ್ಕೆಂದು ಹೇಳಲಿಲ್ಲ. ಆಮೇಲೆ ಈಜು ಕಲಿಯಬೇಕು.

"ಈಜಾ?"

"ಬಾಯಿ ಹಾಕಲ್ಲ ಅಂದ್ಯಲ್ಲ! ಮೂವತ್ನಾಲ್ಕು ವರ್ಷ ಕುದಿಯೋ ನೀರೇ ಕಂಡಿದ್ದೀನಿ ಕಣೇ. ಒಂದ್ಸಲ ತಣ್ಣೀರಲ್ಲಿ ದಬ್ ಅಂತ ಬೀಳ್ಬೇಕು. ಬೆಳಿಗ್ಗೆ ಏಳೂವರೆ ತನಕ ಮಲಗ್ಬೇಕು, ಅದಕ್ಕೇನೂ ದುಡ್ಡು ಬೇಡ. ಅಂದ ಹಾಗೆ, ಬಾಗಿಲಲ್ಲಿ ಇರ್ತಿತ್ತಲ್ಲ ಆ ಬಕೀಟು ಎಲ್ಲಿ?"

"ಬಟ್ಟೆ ನೆನೆಸಿದ್ದೀನಿ. ಇಬ್ಬರದೂ."

ಕಾಲಂ ತುಂಬಿ ಹೋಯಿತು. ಅಂಚಿನಲ್ಲಿ ಬರೆದೆ, ಹಾಳೆ ತಿರುಗಿಸಿ ಬರೆದೆ. ಮನುಷ್ಯರಿಗೆ ದುಡ್ಡು ಯಾತಕ್ಕೆ ಎಂಬ ಪ್ರಶ್ನೆಗೆ ಫಾರಂ ಮಾಡಿದವರು ಎರಡೇ ಗೆರೆ ಬಿಟ್ಟಿದ್ದಾರೆ. ಕತ್ತೆಗಳು.

ಮುಗಿಸಿ ಅವರ ಮುಂದಿಟ್ಟೆ. ಕೈ ಒರೆಸಿಕೊಂಡು, ಅಭ್ಯಾಸದಂತೆ ನೇರ ಕೆಳಗೆ ನೋಡಿದರು.

"ಸಹಿ ಎಲ್ಲೇ?"

"ಮೊದ್ಲು ಓದು. ಆಮೇಲೆ ಸಹಿ."

ಹಳೇ ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಹಾಕಿಕೊಂಡರು. ಮೊದಲ ಸಾಲಿನ ಮೇಲೆ ಬೆರಳಿಟ್ಟರು. ಒಂದೊಂದೇ ಅಕ್ಷರ, ತುಟಿ ಆಡಿಸುತ್ತ, ಅರ್ಥವಾಗದಿದ್ದ ಕಡೆ ಹಿಂದಕ್ಕೆ ಹೋಗಿ ಮತ್ತೆ. ಇಷ್ಟು ನಿಧಾನವಾಗಿ ಓದುವವರನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ.

ಕಾದೆ.